ಕೈ ಕಾಣಬೇಕು

ತಮಿಳುನಾಡಿನ ಗಡಿಯಲ್ಲಿರುವ ನಮ್ಮ ಡೆಂಕಣಿಕೋಟೆ ಕಡೆ ಊರಮ್ಮನ ಜಾತ್ರೆ ಶುರುವಾಗುವ ಮುಂಚೆ ಬೀದಿ ಮೂಲೆಯಲ್ಲೊಂದು ಚಿಕ್ಕ ಬೆಂಕಿ ಹಾಕುತ್ತಾರೆ. ಒಂದು ಹಿಡಿ ಹುಲ್ಲು, ಹರಿದ ಪೇಪರು, ಒಣಗಿದ ತೆಂಗಿನ ಗರಿ. ಹಲಗೆ ಬಡಿಯುವವರು ವಾದ್ಯವನ್ನು ಅದರ ಮೇಲೆ ತಿರುಗಿಸುತ್ತಾ ಹಿಡಿಯುತ್ತಾರೆ. ತೊಗಲು ಬಿಗಿಯಾಯಿತೇ ಅಂತ ನೋಡಲು ಕಿವಿ ಹತ್ತಿರ ತಂದು ಬೆರಳಲ್ಲಿ ಒಮ್ಮೆ ತಟ್ಟುತ್ತಾರೆ. ಇನ್ನೂ 'ದಬ್' ಅಂದರೆ ಮತ್ತೆ ಬೆಂಕಿಗೆ. 'ಠಣ್' ಅಂದಾಗ ಎದ್ದು ನಿಲ್ಲುತ್ತಾರೆ.

ಹೋದ ಚಳಿಗಾಲದ ಒಂದು ಶನಿವಾರ ಬೆಂಗಳೂರಿನ ಮಹಡಿ ಮೇಲಿನ ಹಾಲೊಂದರಲ್ಲಿ ಅದೇ ಭಂಗಿ ಕಂಡೆ. ಡಿಜೆ ಹೆಡ್‌ಫೋನಿನ ಒಂದು ಬದಿಯನ್ನು ಹೆಗಲಿನಿಂದ ಕಿವಿಗೆ ಒತ್ತಿಕೊಂಡು, ಕತ್ತು ವಾಲಿಸಿ, ಜನರಿಗೆ ಇನ್ನೂ ಕೇಳಿಸದ ರೆಕಾರ್ಡನ್ನು ಬೆರಳ ತುದಿಯಲ್ಲಿ ಹಿಂದೆ ಮುಂದೆ ಆಡಿಸುತ್ತಿದ್ದ. ಬಸ್ಸಲ್ಲಿ ಎರಡು ಗಂಟೆ ಕೂತು ಬಂದದ್ದು ಸಾರ್ಥಕ ಅನ್ನಿಸಿತು. ಆ ರಾತ್ರಿ ಮೂವರು ಬಾರಿಸಿದರು. ಹಾಡುವವರು ಯಾರೂ ಇರಲಿಲ್ಲ. ಹಿಪ್‌ಹಾಪ್ ಅಂದರೆ ರ‍್ಯಾಪ್ ಅಂದುಕೊಂಡು ಬಂದ ಕೆಲವರು ಅರ್ಧಕ್ಕೇ ಎದ್ದು ಹೋದರು. ನನಗೆ ಆ ಮಾತಿಲ್ಲದಿರುವುದೇ ಹಿಡಿಸಿತು. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು, ಶಾಲೆಯಲ್ಲಿ ತಮಿಳು, ಸಂತೆಯಲ್ಲಿ ಉರ್ದು ಕೇಳಿಕೊಂಡು ಬೆಳೆದ ನಮ್ಮಂಥವರನ್ನು ಪ್ರತಿ ಹಾಡೂ 'ನೀನು ಯಾವ ಕಡೆಯವನು' ಅಂತ ಕೇಳುತ್ತದೆ. 1956ರಲ್ಲಿ ರಾಜ್ಯಗಳನ್ನು ವಿಂಗಡಿಸಿದಾಗ ಆ ಪ್ರಶ್ನೆ ನಮ್ಮ ಊರಿಗೆ ಅಂಟಿಕೊಂಡಿತು. ಬರೀ ಬೀಟ್ ಆ ಪ್ರಶ್ನೆ ಕೇಳುವುದಿಲ್ಲ.

ಈ ಕಲೆ ಹುಟ್ಟಿದ್ದೇ ಮಾತಿಗಿಂತ ಮೊದಲು. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, 1520 ಸೆಜ್‌ವಿಕ್ ಅವೆನ್ಯೂ ಕಟ್ಟಡದ ಹಾಲ್‌ನಲ್ಲಿ, ತಂಗಿ ಸಿಂಡಿ ಏರ್ಪಡಿಸಿದ ಪಾರ್ಟಿಗೆ ಡಿಜೆ ಕೂಲ್ ಹರ್ಕ್ ರೆಕಾರ್ಡು ಹಾಕಿದ. ಹಾಡು ನಿಂತು ಡ್ರಮ್ ಮಾತ್ರ ಉಳಿಯುವ ಕೆಲವು ಕ್ಷಣಗಳಿಗೆ ಜನ ಹುಚ್ಚೆದ್ದು ಕುಣಿಯುವುದನ್ನು ಅವನು ಗಮನಿಸಿದ್ದ. ಆಮೇಲೆ ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು, ಒಂದರಲ್ಲಿ ಡ್ರಮ್ ಮುಗಿಯುತ್ತಿದ್ದಂತೆ ಇನ್ನೊಂದರಲ್ಲಿ ಅದೇ ಜಾಗ ಎತ್ತಿ, ಐದು ಸೆಕೆಂಡನ್ನು ಐದು ನಿಮಿಷ ಮಾಡಿದ. ಮೈಕ್ ಹಿಡಿದವರು ಅವನ ಪಕ್ಕದಲ್ಲಿ ಜನರನ್ನು ಹುರಿದುಂಬಿಸುತ್ತಿದ್ದವರು. ದೊಡ್ಡ ಹೆಸರು ಅವರ ಪಾಲಿಗೆ ಹೋದದ್ದು ಆಮೇಲೆ. ಇವತ್ತಿಗೂ ಅದೇ ಕಥೆ. 2024ರಲ್ಲಿ 'ಬಿಗ್ ಡಾಗ್ಸ್' ಹಾಡು ಜಗತ್ತೆಲ್ಲ ಸುತ್ತಿದಾಗ ಅದನ್ನು ಹಾಡಿದ ಹನುಮಾನ್‌ಕೈಂಡ್ ಹೆಸರು ಎಲ್ಲರ ಬಾಯಲ್ಲಿತ್ತು. ಅದರ ಬೀಟ್ ಕಟ್ಟಿದ ಕಲ್ಮಿಯ ಹೆಸರು ಎಷ್ಟು ಜನಕ್ಕೆ ಗೊತ್ತು?

ಬೆಂಗಳೂರಿನಲ್ಲಿ ಬ್ರೋಧಾ ವಿ, ಸ್ಮೋಕಿ ದ ಘೋಸ್ಟ್ ಮೊದಲಾದವರಿಂದ ರ‍್ಯಾಪ್ ಬೆಳೆಯಿತು. ಕನ್ನಡದಲ್ಲಿ ಚಂದನ್ ಶೆಟ್ಟಿ, ಆಲ್ ಓಕೆ ಅದನ್ನು ಮನೆಮನೆಗೆ ಮುಟ್ಟಿಸಿದರು. ಬೀಟ್ ಕಟ್ಟುವವರ ಲೋಕ ಇದಕ್ಕಿಂತ ಚಿಕ್ಕದು. ಸಲ್ಕ್ ಸ್ಟೇಷನ್ ಸಂಗೀತ ಜೋಡಿಯ ರಾಹುಲ್ ಗಿರಿ 'ಕನ್ಸಾಲಿಡೇಟ್' ಹೆಸರಿನಲ್ಲಿ ಈ ಊರಿನ ಪ್ರೊಡ್ಯೂಸರ್‌ಗಳನ್ನು ಒಟ್ಟುಗೂಡಿಸಿದ್ದು, ಇಂದಿರಾನಗರದ ಹಮ್ಮಿಂಗ್ ಟ್ರೀ ಥರದ ಜಾಗಗಳು ಹೊಸ ಸದ್ದಿಗೆ ವೇದಿಕೆ ಕೊಟ್ಟದ್ದು ಸಣ್ಣ ಕೆಲಸವಲ್ಲ. ಹಮ್ಮಿಂಗ್ ಟ್ರೀ 2019ರಲ್ಲಿ ಮುಚ್ಚಿತು. ಮಲಗುವ ಕೋಣೆಯಲ್ಲಿ ಬೀಟ್ ಮಾಡುವ ಹುಡುಗ ಅದನ್ನು ದೊಡ್ಡ ಸ್ಪೀಕರಿನಲ್ಲಿ, ಅಪರಿಚಿತರ ಮುಂದೆ ಕೇಳಿಸಿಕೊಳ್ಳದಿದ್ದರೆ ಅವನಿಗೆ ತನ್ನ ಕೆಲಸವೇ ಗೊತ್ತಾಗುವುದಿಲ್ಲ. ಅದಕ್ಕೇ ಇಂಥ ರಾತ್ರಿಗಳು ಬೇಕು. ಬೇಕು ಅಂದಮೇಲೆ ಅವು ಚೆನ್ನಾಗಿರಬೇಕು ಅಂತ ಕೇಳುವ ಹಕ್ಕೂ ನಮಗಿದೆ.

ಮೊದಲು ಬಂದವನು ಎರಡು ಟರ್ನ್‌ಟೇಬಲ್ಲಿನ ಡಿಜೆ. ಆರಿಸಿಕೊಂಡ ರೆಕಾರ್ಡುಗಳೆಲ್ಲ ತೊಂಬತ್ತರ ದಶಕದ ನ್ಯೂಯಾರ್ಕು, ಅಲ್ಲಿ ಹೊಸತೇನಿಲ್ಲ. ಆದರೆ ಕೈ ಇತ್ತು. ಇಪ್ಪತ್ತು ನಿಮಿಷ ಕಳೆದಿರಬೇಕು, ಎರಡು ರೆಕಾರ್ಡುಗಳ ಲಯ ಒಂದರಿಂದೊಂದು ಜಾರಿತು. ಕುದುರೆ ಓಟದಂಥ ಗಲಿಬಿಲಿ. ಅವನು ಗಾಬರಿಯಾಗದೆ ಹೆಬ್ಬೆರಳನ್ನು ತಟ್ಟೆಯ ಅಂಚಿಗೆ ತಾಗಿಸಿ, ಕೂದಲೆಳೆಯಷ್ಟು ತಡೆದು, ಎರಡನ್ನೂ ಸರಿ ಜೋಡಿಸಿದ. ಎದುರಿಗಿದ್ದವರು ಹೋ ಎಂದು ಕೂಗಿದರು. ತಪ್ಪು ಕಂಡಿತ್ತು, ತಿದ್ದಿದ್ದೂ ಕಂಡಿತು. ಆ ಇಡೀ ರಾತ್ರಿಯ ಅತ್ಯಂತ ಜೀವಂತ ಗಳಿಗೆ ಅದು.

ಎರಡನೆಯವನ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಲ್ಯಾಪ್‌ಟಾಪ್ ತೆರೆದ, ಬಟನ್ ಒತ್ತಿದ, ನಲವತ್ತು ನಿಮಿಷ ತಲೆಯಾಡಿಸಿದ. ಬೀಟುಗಳು ಕೆಟ್ಟದಾಗಿರಲಿಲ್ಲ, ಎರಡು ಬಹಳ ಚೆನ್ನಾಗಿದ್ದವು. ಮನೆಯಲ್ಲಿ ಕೂತು ಮೊದಲೇ ಕಟ್ಟುವುದು ಮೋಸ ಅಂತ ನಾನು ಹೇಳುತ್ತಿಲ್ಲ, ಈ ಕಲೆಯ ಮುಕ್ಕಾಲು ಪಾಲು ಶ್ರಮ ನಡೆಯುವುದೇ ಅಲ್ಲಿ. ಆದರೆ ಜನ ಟಿಕೆಟ್ ಕೊಂಡು ಬಂದದ್ದು ಎದುರಲ್ಲಿ ಏನಾದರೂ ನಡೆಯುತ್ತದೆ ಅಂತ. ತಪ್ಪಲು ಸಾಧ್ಯವೇ ಇಲ್ಲದ ಜಾಗದಲ್ಲಿ ಏನೂ ನಡೆಯುವುದಿಲ್ಲ.

ಮೂರನೆಯವಳು ತಂದದ್ದು ಹದಿನಾರು ರಬ್ಬರ್ ಗುಂಡಿಗಳ ಒಂದು ಪೆಟ್ಟಿಗೆ. ಆ ಮಾದರಿ ಬಂದದ್ದು 1988ರ ಎಂಪಿಸಿ 60ರಿಂದ. ರಾಜರ್ ಲಿನ್ ವಿನ್ಯಾಸ ಮಾಡಿದ್ದು, ಅಕಾಯ್ ಕಂಪನಿ ತಯಾರಿಸಿದ್ದು. ಯಾವುದೇ ಸದ್ದಿನ ತುಣುಕನ್ನು ಗುಂಡಿಗೊಂದರಂತೆ ಹಂಚಿ ಬೆರಳಲ್ಲಿ ಬಾರಿಸಬಹುದು. ಬೆರಳು ತಡವರಿಸಿದರೆ ಯಂತ್ರ ಅದನ್ನು ತಾಳದ ಗೆರೆಗೆ ಎಳೆದು ಕೂರಿಸುತ್ತದೆ. ಬೇಕೆಂದರೆ ಪ್ರತಿ ಎರಡನೇ ಪೆಟ್ಟನ್ನು ಇಷ್ಟು ಪರ್ಸೆಂಟ್ ತಡ ಮಾಡು ಅಂತಲೂ ಹೇಳಬಹುದು. ಅದಕ್ಕೆ ಸ್ವಿಂಗ್ ಅನ್ನುತ್ತಾರೆ. ಡೆಟ್ರಾಯಿಟ್‌ನ ಪ್ರೊಡ್ಯೂಸರ್ ಜೆ ಡಿಲ್ಲಾ ಎಷ್ಟೋ ಸಲ ಆ ಗೆರೆಗೆಳೆಯುವ ಸೌಲಭ್ಯವನ್ನೇ ಆಫ್ ಮಾಡಿ, ತನ್ನ ಬೆರಳು ಬಿದ್ದಲ್ಲೇ ಪೆಟ್ಟನ್ನು ಬಿಟ್ಟ. 2006ರ ಫೆಬ್ರವರಿ 7ಕ್ಕೆ, ಅವನ 32ನೇ ಹುಟ್ಟುಹಬ್ಬದ ದಿನ, 'ಡೋನಟ್ಸ್' ಆಲ್ಬಮ್ ಹೊರಬಂತು. ಮೂರು ದಿನಕ್ಕೆ ಅವನು ತೀರಿಕೊಂಡ. ಆ ಡ್ರಮ್ಮುಗಳು ಕುಡಿದವನ ನಡಿಗೆಯಂತೆ ವಾಲುತ್ತವೆ, ಬೀಳುವುದಿಲ್ಲ. ನಮ್ಮ ಸಂಗೀತದಲ್ಲಿ ತಾಳ ಶುರುವಾದ ಮೇಲೆ ಹಾಡನ್ನು ಎತ್ತಿಕೊಳ್ಳುವುದಕ್ಕೆ ಅನಾಗತ ಅಂತ ಹೆಸರಿದೆ, ಅದಕ್ಕೊಂದು ಲೆಕ್ಕವಿದೆ. ಡಿಲ್ಲಾನ ತಡಕ್ಕೆ ಅಂಥ ಲೆಕ್ಕವಿಲ್ಲ. ಹಲಗೆ ಬಡಿಯುವವರು ಕುಣಿಯುತ್ತಾ ತಿರುಗುವಾಗ, ಕಾಲು ನೆಲಕ್ಕೆ ಮುಟ್ಟುವವರೆಗೆ ಕಾದು ಬೀಳಿಸುವ ಪೆಟ್ಟು ಅಂಥದ್ದು.

ಇವಳ ಬೆರಳಲ್ಲೂ ಆ ಕಾಯುವಿಕೆ ಇತ್ತು. ಕೈ ಎಲ್ಲರಿಗೂ ಕಾಣಲಿ ಅಂತ ಪೆಟ್ಟಿಗೆಯನ್ನು ಜನರ ಕಡೆಗೆ ವಾಲಿಸಿ ಇಟ್ಟಿದ್ದಳು. ಇಷ್ಟು ಸಣ್ಣ ಸೌಜನ್ಯ ಉಳಿದವರಿಗೆ ಯಾಕೆ ಹೊಳೆಯುವುದಿಲ್ಲವೋ. ನಾಲ್ಕನೇ ಬೀಟಿಗೆ ಅವಳು ಹಲಗೆಯನ್ನು ತಂದಳು. ನನ್ನ ಮೈ ಜುಮ್ ಅಂದಿತು. ಒಂದು ಕೈಯ ದಪ್ಪ ಕೋಲಿನ ಪೆಟ್ಟು ಒಂದು ಗುಂಡಿಗೆ, ಇನ್ನೊಂದು ಕೈಯ ಉದ್ದನೆಯ ತೆಳು ಕಡ್ಡಿಯ ಚಟಪಟ ಇನ್ನೊಂದಕ್ಕೆ. ಎರಡನ್ನೂ ಬಿಡಿಸಿ, ಕೆಳಗೆ ಗುಡುಗುವ ಬೇಸ್ ಇಟ್ಟು, ಹೊಸದಾಗಿ ಹೆಣೆದಳು. ಹಾಲ್‌ನ ಬೇಸ್ ಸ್ಪೀಕರ್‌ಗಳು ಕಡ್ಡಿಯ ಸದ್ದನ್ನು ಅರ್ಧ ನುಂಗಿಹಾಕಿದವು, ಅದು ಸೌಂಡ್ ನೋಡಿಕೊಳ್ಳುವವರ ಅಸಡ್ಡೆ.

ಬೀಟ್ ಮುಗಿದ ಮೇಲೆ ಮೈಕ್ ತೆಗೆದುಕೊಂಡು ತಾನು ಬಳಸಿದ ಸಿಂಥ್ ಯಾವುದು ಅಂತ ಹೇಳಿದಳು, ಬೇಸ್ ನುಡಿಸಿದ ಗೆಳೆಯನ ಹೆಸರು ಹೇಳಿದಳು. ಹಲಗೆ ಬಡಿದವರ ಹೆಸರು ಹೇಳಲಿಲ್ಲ. ಕೇಳಿದೆ. ಫೋನಿಗೆ ಬಂದ ಯಾವುದೋ ಜಾತ್ರೆಯ ವಿಡಿಯೋದಿಂದ ಕತ್ತರಿಸಿದ್ದಂತೆ. ಅವಳಲ್ಲಿ ಕೆಟ್ಟ ಮನಸ್ಸು ಇರಲಿಲ್ಲ, ಆ ಪ್ರಶ್ನೆ ಅವಳಿಗೆ ಎದುರಾಗಿಯೇ ಇರಲಿಲ್ಲ. ಆದರೆ ಈ ಕಲೆ ಹೊತ್ತಿರುವ ಹಳೇ ಸಾಲ ಇದೇ. 1969ರ 'ಆಮೆನ್, ಬ್ರದರ್' ಹಾಡಿನಲ್ಲಿ ಗ್ರೆಗರಿ ಕೋಲ್‌ಮನ್ ಬಾರಿಸಿದ ಸುಮಾರು ಏಳು ಸೆಕೆಂಡಿನ ಡ್ರಮ್ಮನ್ನು ಸಾವಿರಾರು ಹಾಡುಗಳು ಬಳಸಿಕೊಂಡವು. 2006ರಲ್ಲಿ ಸಾಯುವವರೆಗೆ ಅದರಿಂದ ಅವನಿಗೆ ಕಾಸೂ ಸಿಗಲಿಲ್ಲ. ಹಲಗೆಯ ವಿಷಯದಲ್ಲಿ ಸಾಲ ಇನ್ನೂ ಭಾರ. ಊರಿನ ಸಾವಿಗೂ ಜಾತ್ರೆಗೂ ಬಾರಿಸಿದ ದಲಿತ ಕೈಗಳನ್ನು ಊರಾಚೆ ಇಟ್ಟು, ಸದ್ದನ್ನು ಮಾತ್ರ ಊರೊಳಗೆ ಕರೆಸಿಕೊಂಡವರು ನಾವು. ಹಲಗೆಯ ಬಳಗದ್ದೇ ಆದ ತಮಟೆ ಬಾರಿಸುವ ಚಿಕ್ಕಬಳ್ಳಾಪುರ ಕಡೆಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು, ಅದೇ ಬಳಗದ ಪರೈ ಬಾರಿಸುವ ಮಧುರೈಯ ಕಲಾವಿದ ವೇಲು ಆಸಾನ್ ಅವರಿಗೆ 2025ರಲ್ಲಿ. ಗಡಿಯ ಎರಡೂ ಬದಿಯಲ್ಲಿ ಸರ್ಕಾರವೇ ಹೆಸರು ಹಿಡಿದು ಕರೆದಿರುವಾಗ ಬೀಟ್ ಕಟ್ಟುವವರು 'ಫೋಕ್ ಡ್ರಮ್' ಅಂತ ಫೈಲಿಗೆ ಹೆಸರಿಟ್ಟುಕೊಂಡು ಕೂರಬಾರದು.

ಹಾಗಂತ ಸ್ಯಾಂಪಲ್ ಮಾಡಲೇಬೇಡಿ ಅನ್ನುವವನಲ್ಲ ನಾನು. ಅವಳ ಆ ಬೀಟ್ ಆ ರಾತ್ರಿಯ ಅತ್ಯುತ್ತಮ ರಚನೆ, ಈಗಲೂ ಹಾಗೇ ಹೇಳುತ್ತೇನೆ. ಕೇಳಿ ಫೋನಿಗೆ ಹಾಕಿಸಿಕೊಂಡು ಊರಿಗೆ ಬಂದೆ.

ನಮ್ಮ ಬೀದಿಯ ಹಿಂದಿನ ಕೇರಿಯಲ್ಲಿ ನಲವತ್ತು ವರ್ಷದಿಂದ ಹಲಗೆ ಬಡಿಯುವ ಹಿರಿಯರೊಬ್ಬರಿದ್ದಾರೆ. ಜಗಲಿಯಲ್ಲಿ ಕೂತು ಇಯರ್‌ಫೋನ್ ಹಾಕಿಕೊಂಡು ಕೇಳಿದರು. ತೊಡೆಯ ಮೇಲೆ ಬೆರಳು ಆಡತೊಡಗಿತು; ಬೇಸ್ ಬಂದಾಗ ಹುಬ್ಬೇರಿಸಿ ನಕ್ಕರು, ಚೆನ್ನಾಗಿದೆ ಅಂದರು. ಎರಡನೇ ಸಲ ಕೇಳುವಾಗ ಮುಖ ಸಣ್ಣದಾಯಿತು. ಬಡಿದವನು ತೊಗಲು ಸರಿಯಾಗಿ ಕಾಯಿಸಿಲ್ಲ, ಅಂದರು. ಆಮೇಲೆ ನನಗೆ ಹೊಳೆಯಿತು: ಜಾತ್ರೆಯ ಓಟವನ್ನು ಹಿಪ್‌ಹಾಪಿನ ನಿಧಾನಕ್ಕೆ ಇಳಿಸಲು ಅವಳು ಸ್ಯಾಂಪಲ್ಲಿನ ವೇಗ ತಗ್ಗಿಸಿದ್ದಳು, ಅದರ ಜೊತೆಗೇ ಶ್ರುತಿಯೂ ಇಳಿದಿತ್ತು. 'ಠಣ್' ಅಂದದ್ದು 'ದಬ್' ಆಗಿತ್ತು. ಅದನ್ನು ಅವರಿಗೆ ವಿವರಿಸಿದೆ. ಅವರು ಇಯರ್‌ಫೋನ್ ಬಿಚ್ಚಿ ಕೊಟ್ಟು, ಹಾಗಾದರೆ ಆ ಹುಡುಗಿಯನ್ನು ಜಾತ್ರೆಗೆ ಕರೆಸು, ನಿಧಾನವಾಗಿಯೇ ಬಡಿದು ಕೊಡುತ್ತೇನೆ, ಅಂದರು.