‘ಟ್ಯಾಪೆಸ್ಟ್ರಿ’: ಗುಣದೋಷವಿಚಾರ

(ರಚಿಸಿದವರು: ಐಕನ್‌ಫ್ಯಾಕ್ಟರಿ ಸಂಸ್ಥೆ, ಅಮೆರಿಕಾ. ಐಫೋನು ಮತ್ತು ಐಪ್ಯಾಡುಗಳಿಗಾಗಿ 2025ನೆಯ ಫೆಬ್ರವರಿಯಲ್ಲಿ ಪ್ರಕಟಿತ. ಜಾಹೀರಾತುಗಳೊಡನೆ ಉಚಿತ, ಪ್ರಕಟಣಕಾಲದ ಚಂದಾ ತಿಂಗಳಿಗೆ 1.99 ಡಾಲರು.)

ಯಾವ ಗ್ರಂಥವನ್ನು ಕೈಗೆತ್ತಿಕೊಂಡರೂ ಮೊದಲು ಅನುಬಂಧಚತುಷ್ಟಯವನ್ನು ವಿಚಾರಿಸಬೇಕೆಂಬುದು ಶಾಸ್ತ್ರಜ್ಞರ ಪದ್ಧತಿ. ವಿಷಯವೇನು, ಪ್ರಯೋಜನವೇನು, ಸಂಬಂಧವೆಂತಹುದು, ಅಧಿಕಾರಿ ಯಾರು? ಓದುವುದಕ್ಕಾಗಿಯೇ ನಿರ್ಮಿತವಾದ ಫೋನಿನ ಆ್ಯಪೊಂದನ್ನು ಇದೇ ಒರೆಗಲ್ಲಿಗೆ ಹಚ್ಚಿ ನೋಡುವುದು ಅನುಚಿತವಾಗಲಾರದು.

‘ಟ್ಯಾಪೆಸ್ಟ್ರಿ’ ಎಂದರೆ ಚಿತ್ರಗಳನ್ನು ನೇಯ್ದ ಪರದೆ. ಮಾಸ್ಟೊಡಾನ್, ಬ್ಲೂಸ್ಕೈ, ಟಂಬ್ಲರ್‌ಗಳಲ್ಲಿ ಜನರು ಬರೆದ ಮಾತುಗಳು, ಯೂಟ್ಯೂಬಿನ ವಾಹಿನಿಗಳು, ಆರ್‌ಎಸ್‌ಎಸ್ ಮೂಲಕ ಬರುವ ಪತ್ರಿಕಾಲೇಖನಗಳು, ಇವೆಲ್ಲವನ್ನೂ ಇದು ಒಂದೇ ಪಂಕ್ತಿಯಲ್ಲಿ ತಂದಿಡುತ್ತದೆ. ಬರೆದ ಕಾಲವೇ ಇಲ್ಲಿಯ ಕ್ರಮ. ಯಾವುದು ಮೇಲೆ, ಯಾವುದು ಕೆಳಗೆ ಎಂದು ಯಂತ್ರವು ತನ್ನ ಲಾಭವನ್ನೆಣಿಸಿ ನಿರ್ಣಯಿಸುವುದಿಲ್ಲ. ಓದುಗನು ಎಲ್ಲಿ ನಿಲ್ಲಿಸಿದನೋ ಆ ಸ್ಥಳವನ್ನು ಆ್ಯಪು ನೆನಪಿಟ್ಟು, ಮರಳಿ ತೆರೆದಾಗ ಅಲ್ಲಿಗೇ ಕರೆದೊಯ್ಯುತ್ತದೆ.

ಇದು ಅಲ್ಪವಾದ ಗುಣವೆಂದು ತೋರಬಹುದು, ಹಾಗಲ್ಲ. ದೊಡ್ಡ ಜಾಲತಾಣಗಳಲ್ಲಿ ಪುಟವು ತೆರೆದಷ್ಟು ಸಲವೂ ಬೇರೆಯಾಗಿ ಕಾಣುವುದು. ಎಷ್ಟು ಸರಿಸಿದರೂ ಕೊನೆಯೆಂಬುದಿಲ್ಲ. ಮಂಗಳಶ್ಲೋಕವಾಗಲಿ ಸಮಾಪ್ತಿವಾಕ್ಯವಾಗಲಿ ಇಲ್ಲದ ಗ್ರಂಥದಲ್ಲಿ ಓದುಗನಿಗೆ ವಿಶ್ರಾಂತಿಸ್ಥಾನವೆಲ್ಲಿ? ಇಲ್ಲಿಯಾದರೋ ನಿನ್ನೆ ಬಿಟ್ಟಲ್ಲಿಂದ ಇಂದು ಬಂದುದರವರೆಗೆ ಓದಿದರೆ ಓದು ಮುಗಿಯಿತು. ಫೋನನ್ನು ಕೆಳಗಿಟ್ಟು ಎದ್ದುಹೋಗಬಹುದು.

ಎರಡನೆಯ ಗುಣವು ಇನ್ನೂ ವಿಚಾರಾರ್ಹವಾದುದು. ಒಲ್ಲದ ಮಾತುಗಳಿಗೆ ಇಲ್ಲಿ ಎರಡು ಉಪಾಯಗಳುಂಟು. ‘ಮ್ಯೂಟ್’ ಎಂಬುದು ಅವನ್ನು ಕಣ್ಣಿಗೆ ಬೀಳದಂತೆ ಮಾಡುತ್ತದೆ. ‘ಮಫಲ್’ ಎಂಬುದು ದನಿಯನ್ನು ಮಾತ್ರ ತಗ್ಗಿಸುತ್ತದೆ. ಮಾತು ಮುದುಡಿಕೊಂಡು ಅಲ್ಲಿಯೇ ಇರುತ್ತದೆ. ಬೇಕೆನಿಸಿದರೆ ಬಿಡಿಸಿ ಓದಬಹುದು. ಶಾಸ್ತ್ರಗ್ರಂಥಗಳಲ್ಲಿ ಪೂರ್ವಪಕ್ಷವನ್ನು ಅಳಿಸಿಹಾಕುವ ಸಂಪ್ರದಾಯವಿಲ್ಲ. ಅದಕ್ಕೊಂದು ಸ್ಥಾನವನ್ನು ಕೊಟ್ಟು, ಆ ಬಳಿಕ ಸಿದ್ಧಾಂತವನ್ನು ಹೇಳುತ್ತಾರೆ. ಒಪ್ಪದ ಮಾತನ್ನು ಕಿವಿಗೇ ಹಾಕಿಕೊಳ್ಳದವನ ಸಿದ್ಧಾಂತವು ದುರ್ಬಲವಾಗುವುದು. ಈ ದೃಷ್ಟಿಯಿಂದ ಎರಡನೆಯ ಉಪಾಯವೇ ಶ್ರೇಷ್ಠವಾದುದು.

ಇನ್ನು ದೋಷಗಳು. ಕಾಲಕ್ರಮವು ನಿಷ್ಪಕ್ಷಪಾತವೆಂಬುದು ದಿಟ. ಆದರೆ ಅದು ವಿವೇಕವಲ್ಲ. ದಿನಕ್ಕೆ ನಲವತ್ತು ಸಲ ಬರೆಯುವ ಪತ್ರಿಕೆಯ ನಡುವೆ, ತಿಂಗಳಿಗೊಮ್ಮೆ ಬರೆಯುವ ಮಿತಭಾಷಿಯಾದ ಪಂಡಿತನು ಸಂತೆಯಲ್ಲಿ ಕೊಳಲೂದಿದವನಾಗುತ್ತಾನೆ. ಸೇರಿಸುವಾಗಲೇ ಆಯ್ದು ಸೇರಿಸದಿದ್ದರೆ ಈ ನೇಯ್ಗೆಯಲ್ಲಿ ಚಿತ್ರವು ಮೂಡುವುದಿಲ್ಲ, ಬರಿಯ ನೂಲಿನ ಸಿಕ್ಕು ಮಾತ್ರವೇ ಉಳಿಯುವುದು. ಪ್ರಥಮ ಪ್ರಕಟಣೆಯಲ್ಲಿ ಉತ್ತರ ಬರೆಯುವ ಅವಕಾಶವಿರಲಿಲ್ಲವೆಂದು ಕೆಲವರು ಆಕ್ಷೇಪಿಸಬಹುದು. ಶ್ರವಣಕ್ಕೂ ಪ್ರತ್ಯುತ್ತರಕ್ಕೂ ನಡುವೆ ಮನನಕ್ಕೆ ತುಸು ಎಡೆ ದೊರೆಯುವುದಾದರೆ ಅದನ್ನು ದೋಷವೆನ್ನಲಾಗದು.

ನಿಜವಾದ ಕೊರತೆಯು ಬೇರೆಯೆಡೆಯಲ್ಲಿದೆ. ಇದೇ ಸಂಸ್ಥೆಯವರು 2007ರಲ್ಲಿ ‘ಟ್ವಿಟರಿಫಿಕ್’ ಎಂಬ ಆ್ಯಪನ್ನು ರಚಿಸಿ, ಹದಿನೈದು ವರ್ಷಗಳಿಗೂ ಮಿಕ್ಕಿ ನಡೆಸಿದರು. 2023ನೆಯ ಜನವರಿಯಲ್ಲಿ ಟ್ವಿಟರಿನವರು ಪೂರ್ವಸೂಚನೆಯಿಲ್ಲದೆ ಇಂಥ ಪರಕೀಯ ಆ್ಯಪುಗಳಿಗೆ ಬಾಗಿಲು ಮುಚ್ಚಿದರು. ಆ್ಯಪಿನಲ್ಲಿ ಯಾವ ತಪ್ಪೂ ಇರಲಿಲ್ಲ. ಮನೆಯ ಯಜಮಾನನ ಮನಸ್ಸು ಬದಲಾಯಿತು, ಅಷ್ಟೆ. ಆ ಅನುಭವದ ತರುವಾಯ, 2024ರಲ್ಲಿ ಸಾರ್ವಜನಿಕರಿಂದ ಧನವನ್ನು ಸಂಗ್ರಹಿಸಿ ಈ ಹೊಸದನ್ನು ಕಟ್ಟಿದರು. ಒಂದೇ ಮನೆಯನ್ನು ನಂಬಬಾರದೆಂಬ ಪಾಠವು ಇದರ ರಚನೆಯಲ್ಲಿಯೇ ಅಡಗಿದೆ. ಹೊಸ ಮೂಲವೊಂದನ್ನು ಜೋಡಿಸುವ ಕೊಂಡಿಗಳನ್ನು ಬಲ್ಲವರು ಯಾರೇ ಆದರೂ ಬರೆದು ಸೇರಿಸಬಹುದು.

ಆದರೂ ಬಾಗಿಲು ತೆರೆದಿಟ್ಟವರ ಮನೆಯ ಮಾತು ಮಾತ್ರ ಇಲ್ಲಿ ಕೇಳಬರುವುದು. ಕನ್ನಡದ ಮನೆಗಳಲ್ಲಿ ಬಂಧುಮಿತ್ರರ ಮಾತುಕತೆಯು ಬಹುಮಟ್ಟಿಗೆ ಫೇಸ್‌ಬುಕ್, ವಾಟ್ಸ್‌ಆ್ಯಪ್‌ಗಳ ಪ್ರಾಕಾರದೊಳಗೆ ನಡೆಯುತ್ತದೆ. ಮೊಮ್ಮಗಳ ನಾಮಕರಣದ ಚಿತ್ರವನ್ನು ಅಲ್ಲಿಂದ ಈ ಪಂಕ್ತಿಗೆ ತರುವ ದಾರಿಯಿಲ್ಲ. ಓದುಗನಿಗೆ ಕ್ರಮವನ್ನು ಕೊಡಬಲ್ಲ ಸಾಧನವು ಸಿದ್ಧವಾಗಿದೆ. ಅವನು ಓದಬಯಸುವ ಮಾತುಗಳೋ ಇನ್ನೊಬ್ಬರ ಬೀಗದ ಕೈಯಲ್ಲಿವೆ.

ಹಾಗಾದರೆ ಅಧಿಕಾರಿ ಯಾರು? ಆ್ಯಪಲ್ ಫೋನುಳ್ಳವನಾಗಿ, ಸುದ್ದಿಯನ್ನೂ ಲೇಖನಗಳನ್ನೂ ತಾನೇ ಆರಿಸಿಕೊಂಡು, ಓದಿ, ಮುಗಿಸಿ, ಏಳಲು ಬಯಸುವವನು. ಅಂಥವನಿಗೆ ಇದು ಸಂಗ್ರಾಹ್ಯವಾದುದು. ಬಂಧುಗಳ ಕುಶಲವಾರ್ತೆಯನ್ನು ಅರಸುವವನಿಗೆ ಇದರಿಂದ ಪ್ರಯೋಜನವು ಸ್ವಲ್ಪ. ಆ ಕೊರತೆಯನ್ನು ತುಂಬುವುದು ಆ್ಯಪನ್ನು ನಿರ್ಮಿಸಿದವರ ಕೈಯಲ್ಲಿಲ್ಲ. ತಮ್ಮ ಮಾತುಗಳನ್ನು ಎಲ್ಲಿ ಬರೆದಿಡಬೇಕೆಂದು ನಿರ್ಣಯಿಸುವ ಗೃಹಸ್ಥರ ಕೈಯಲ್ಲಿಯೇ ಇದೆ.