ಮೊದಲ ಪುಟದಲ್ಲೇ ಮರಳಿ ಬಂದವನು

ಪ್ರವಾಸದ ಪುಸ್ತಕ ಬರೆಯುವವರು ಸಾಮಾನ್ಯವಾಗಿ ಮನೆ ಬಿಟ್ಟು ಹೊರಡುವುದರಿಂದ ಶುರುಮಾಡಿ, ವಾಪಸ್ಸು ಬಂದು ಕಾಲು ತೊಳೆದುಕೊಳ್ಳುವುದರೊಂದಿಗೆ ಮುಗಿಸುತ್ತಾರೆ. ಅರ್ಜೆಂಟೀನಾದ ಎರ್ನೆಸ್ಟೊ ಗೆವಾರಾ, ಅಂದರೆ ಮುಂದೆ ಜಗತ್ತೆಲ್ಲ ಚೆ ಎಂದು ಕರೆದ ಅದೇ ಮನುಷ್ಯ, ಇದನ್ನು ತಿರುವುಮುರುವು ಮಾಡಿದ್ದಾನೆ. ಅವನ 'ಮೋಟಾರ್‌ಸೈಕಲ್ ಡೈರಿ'ಯ ಮೊದಲ ಪುಟದಲ್ಲೇ ಅವನು ಮನೆಗೆ ಮರಳಿಬಿಟ್ಟಿದ್ದಾನೆ. ಈ ಟಿಪ್ಪಣಿಗಳನ್ನು ಬರೆದವನು ಅರ್ಜೆಂಟೀನಾದ ನೆಲವನ್ನು ಮತ್ತೆ ತುಳಿದ ಗಳಿಗೆಯಲ್ಲೇ ಸತ್ತ, ಈಗ ಅವನ್ನು ತಿದ್ದಿ ಜೋಡಿಸುತ್ತಿರುವ ನಾನು ಆಗಿನ ನಾನಲ್ಲ ಅಂತ ಹೇಳಿಯೇ ಕತೆಗೆ ಕೈಹಾಕುತ್ತಾನೆ. ಪುಸ್ತಕದ ಕೊನೆಯಲ್ಲಿ ನೋಡಿದರೆ ಮನೆಗೆ ಬಂದದ್ದು ಇಲ್ಲವೇ ಇಲ್ಲ. ದಾರಿಯ ಕತೆ ಕಾರಕಾಸ್ ನಗರದಲ್ಲಿ ನಿಂತುಹೋಗುತ್ತದೆ.

ಈ ಸಾವಿನ ಮಾತು ನನ್ನನ್ನು ಬಹಳ ದಿನ ಕಾಡಿದೆ. ಮೊದಲ ಸಲ ಓದಿದಾಗ ಮೈ ಜುಮ್ಮೆಂದಿತ್ತು. ಎರಡನೇ ಸಲಕ್ಕೆ ಅನುಮಾನ ಬಂತು. ಊರಿನ ನೆಲಕ್ಕೆ ಕಾಲಿಟ್ಟ ತಕ್ಷಣ ಹಳೆಯ ಮನುಷ್ಯ ಹಾಗೆ ಸುಲಭವಾಗಿ ಸಾಯ್ತಾನಾ? ಸ್ಪ್ಯಾನಿಷ್ ನನಗೆ ಬಾರದು. ಇಂಗ್ಲಿಷಿನಲ್ಲಿ, ಅದೂ ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಓದಿದವನು ನಾನು. ಭಾಷೆಯ ಸೊಗಸಿನ ಬಗ್ಗೆ ನನ್ನ ತಕರಾರೇನಿಲ್ಲ. ಮನೆಗೆ ವಾಪಸ್ಸು ಬರೋದು ಅಂದರೇನು ಅನ್ನುವ ಒಂದೇ ಪ್ರಶ್ನೆ ಇಟ್ಟುಕೊಂಡು ಈ ಕೃತಿಯನ್ನು ಮತ್ತೆ ನೋಡಬೇಕು ಅನ್ನಿಸಿದೆ.

ಗೆವಾರಾನಿಗೆ ಆಗ ಇಪ್ಪತ್ಮೂರು ವರ್ಷ, ವೈದ್ಯಕೀಯ ಓದು ಇನ್ನೂ ಮುಗಿದಿರಲಿಲ್ಲ. ಜೊತೆಗಾರ ಅಲ್ಬೆರ್ಟೊ ಗ್ರನಾಡೊ ಅವನಿಗಿಂತ ಆರು ವರ್ಷ ದೊಡ್ಡವನು, ಕುಷ್ಠರೋಗಿಗಳ ನಡುವೆ ಕೆಲಸ ಮಾಡಿದ ಜೀವರಸಾಯನ ತಜ್ಞ. ಗಾಡಿ ಗ್ರನಾಡೊನದು. 500 ಸಿಸಿಯ ಹಳೇ ನಾರ್ಟನ್, ಹೆಸರು 'ಲಾ ಪೊದೆರೋಸಾ', ಅಂದರೆ ಬಲಶಾಲಿ. 1952ರ ಜನವರಿ 4ರಂದು ಬ್ಯೂನಸ್ ಐರಿಸ್‌ನಿಂದ ಹೊರಟರು. ಬಲಶಾಲಿಯ ಬಲ ಎರಡು ತಿಂಗಳಿಗೇ ಮುಗಿಯಿತು. ಚಿಲಿ ದೇಶದಲ್ಲಿ ಕೆಟ್ಟು ಕೂತ ಗಾಡಿಯನ್ನು ಸಾಂಟಿಯಾಗೊ ತನಕ ಹೇರಿಕೊಂಡು ಹೋಗಿ ಅಲ್ಲೇ ಬಿಟ್ಟರು. ಮುಂದಿನ ದಾರಿಯೆಲ್ಲ ಲಾರಿ, ಹಡಗು, ತೆಪ್ಪ, ಮತ್ತೆ ಕಾಲ್ನಡಿಗೆ. ಮೋಟಾರ್‌ಸೈಕಲ್ಲಿನ ಹೆಸರು ಹೊತ್ತ ಪುಸ್ತಕದಲ್ಲಿ ಮೋಟಾರ್‌ಸೈಕಲ್ ಇರುವುದು ಕಾಲು ಭಾಗವೇನೋ.

ಆದರೆ ಅದು ಇರುವವರೆಗೆ ಏನು ಮಾಡಿತು ಅನ್ನೋದನ್ನ ಗಮನಿಸಬೇಕು. ಟೆಮೂಕೊ ಪಟ್ಟಣದ ಪತ್ರಿಕೆ ಇವರಿಬ್ಬರನ್ನು ಕುಷ್ಠರೋಗ ತಜ್ಞರೆಂದು ಬರೆಯಿತು. ಪರೀಕ್ಷೆ ಪಾಸಾಗದ ಹುಡುಗನೂ ತಜ್ಞ! ಆ ಪತ್ರಿಕೆಯ ತುಂಡು ತೋರಿಸಿ ಊಟ ಗಿಟ್ಟಿಸಿಕೊಂಡದ್ದನ್ನು ಗೆವಾರಾ ನಗುತ್ತ ಬರೆದುಕೊಂಡಿದ್ದಾನೆ. ಗಾಡಿ ಹೋದ ಮೇಲೆ ತಾವು ರಸ್ತೆಯ ಜಮೀನ್ದಾರರಾಗಿದ್ದವರು ಈಗ ಬರೀ ಅಲೆಮಾರಿಗಳಾದೆವು ಎನ್ನುವ ಅರ್ಥದ ಮಾತು ಬರುತ್ತದೆ. ಇದು ಪುಸ್ತಕದ ಮೊದಲ ನಿಜವಾದ ಪಾಠ. ಅದೇ ಮೈ, ಅದೇ ಕೊಳಕು ಬಟ್ಟೆ, ಕೆಳಗೆ ಇಂಜಿನ್ ಇದ್ದರೆ ಅತಿಥಿ, ಇಲ್ಲದಿದ್ದರೆ ತಿರುಕ. ನಡೆದು ಬಂದವನಿಗೂ ಏರಿ ಬಂದವನಿಗೂ ಬಾಗಿಲು ಬೇರೆ ಬೇರೆ ತೆರೆಯೋದು ನಮಗೇನು ಹೊಸದಲ್ಲ ಬಿಡಿ.

ಮರಳಿ ಬರುವ ಮಾತು ಪಯಣದ ಶುರುವಿನಲ್ಲೇ ಒಂದು ನಾಯಿಮರಿಯ ರೂಪದಲ್ಲಿ ಬರುತ್ತದೆ. ಸಮುದ್ರದಂಡೆಯ ಮಿರಾಮಾರ್‌ನಲ್ಲಿದ್ದ ಸಿರಿವಂತ ಮನೆಯ ಗೆಳತಿ ಚಿಚಿನಾಗೆ ಕೊಡಲು ಅವನು ಒಯ್ದ ಮರಿಯ ಹೆಸರು 'ಕಮ್‌ಬ್ಯಾಕ್'. ಇಂಗ್ಲಿಷಿನ ಹೆಸರೇ. ವಾಪಸ್ಸು ಬಂದೇ ಬರುತ್ತೀನಿ ಅನ್ನೋದಕ್ಕೆ ಒತ್ತೆಯಿಟ್ಟ ಜೀವ ಅದು. ಮುಂದೆ ಬರಿಲೋಚೆಯಲ್ಲಿ ಚಿಚಿನಾಳ ಕಾಗದ ಕೈಗೆ ಸಿಗುತ್ತದೆ, ಸಂಬಂಧ ಮುಗಿಯಿತು ಅಂತ. ಹೋದವನು ದಾರಿಯಲ್ಲಿ ಬದಲಾಗುವುದಕ್ಕೆ ಮುಂಚೆಯೇ ಹಿಂದೆ ಮನೆ ಬದಲಾಗಿರುತ್ತದೆ. ತಾನು ಬಿಟ್ಟ ಊರು ಬಿಟ್ಟ ಹಾಗೇ ಕಾದುಕೊಂಡಿರುತ್ತೆ ಅನ್ನೋದು ಎಲ್ಲ ಪ್ರವಾಸಿಗಳ ಸೊಕ್ಕು.

ಇಷ್ಟಾದರೂ ಇದು ಪ್ರೇಮಭಂಗದ ಕತೆ. ಅದರಾಚೆಗೆ ಪುಸ್ತಕ ನನ್ನನ್ನು ಹಿಡಿದು ನಿಲ್ಲಿಸಿದ್ದು ವಾಲ್ಪರೈಸೊ ಬಂದರಿನಲ್ಲಿ. ಅಲ್ಲೊಬ್ಬಳು ಮುದುಕಿ. ಉಬ್ಬಸ, ಜೊತೆಗೆ ಹೃದಯದ ಕಾಯಿಲೆ. ಒಂದು ತಿಂಗಳ ಹಿಂದಿನವರೆಗೂ ಏದುಸಿರು ಬಿಡುತ್ತ ಚಾಕರಿ ಮಾಡುತ್ತಿದ್ದವಳು. ಗೆವಾರಾನಿಗೂ ಉಬ್ಬಸವಿತ್ತು, ಆ ಉಸಿರಿನ ಸದ್ದು ಅವನಿಗೆ ಗೊತ್ತು. ಕೈಯಲ್ಲಿದ್ದ ಒಂದಿಷ್ಟು ಮಾತ್ರೆ ಕೊಟ್ಟು ಬರುವುದನ್ನು ಬಿಟ್ಟು ಅವನೇನೂ ಮಾಡಲಾರ. ಆ ಕೋಣೆಯಲ್ಲಿ ಅವನು ಕಂಡದ್ದು ಕಾಯಿಲೆಗಿಂತ ಭೀಕರವಾದದ್ದು. ಬಡವರ ಮನೆಯಲ್ಲಿ ದುಡಿಯಲಾರದೆ ಬಿದ್ದವರು ಅಪ್ಪ, ಅವ್ವ, ಅಣ್ಣ, ತಂಗಿ ಆಗಿ ಉಳಿಯುವುದಿಲ್ಲ. ಮನೆಯ ಲೆಕ್ಕದಲ್ಲಿ ಒಂದು ಕಳೆಯುವ ಗುರುತಾಗಿಬಿಡುತ್ತಾರೆ, ಅವರ ಕಾಯಿಲೆಯೇ ದುಡಿಯುವವರಿಗೆ ಮಾಡಿದ ಅವಮಾನವಾಗುತ್ತದೆ ಎಂದು ಅವನು ಗುರುತಿಸುತ್ತಾನೆ. ಡಾಕ್ಟರಾಗಲು ಹೊರಟವನು ಔಷಧಿಯ ಮಿತಿ ಕಂಡದ್ದು ಹೀಗೆ. ಮನೆ ಅನ್ನೋದು ಎಲ್ಲರಿಗೂ ಮಡಿಲಲ್ಲ, ಎಲ್ಲೂ ಹೋಗದೆ ಮನೆಯಲ್ಲೇ ಇದ್ದವಳಿಗೂ ಮನೆಯಿಲ್ಲ.

ನಾನು ಹಾಸ್ಟೆಲ್ಲಿಂದ ಡಿಗ್ರಿ ಮುಗಿಸಿ ಟ್ರಂಕು ಹೊತ್ತು ಬಂದ ದಿನ ಹಟ್ಟಿಯ ಬಾಯಲ್ಲಿ ಎದುರಾದ ಅಜ್ಜಿಯೊಬ್ಬಳು ಕೇಳಿದ್ದು ಒಂದೇ ಮಾತು: "ಕೆಲ್ಸ ಆಯ್ತೇನ್ಲಾ ಮಗಾ?" ಇಲ್ಲ ಅಂದೆ. ಅವಳು ಇನ್ನೇನೂ ಕೇಳಲಿಲ್ಲ. ಅವ್ವ ಒಂದು ತಿಂಗಳು ಏನೂ ಅನ್ನದೆ ಮುದ್ದೆ ಇಕ್ಕಿದಳು. ಆ ಒಂದು ತಿಂಗಳ ಮೌನ ನನಗೆ ವಾಲ್ಪರೈಸೊದ ಕೋಣೆಯನ್ನು ಅರ್ಥಮಾಡಿಸಿತು. ನಮ್ಮ ನವ್ಯರ ಕತೆಗಳಲ್ಲಿ ಪರದೇಶದಿಂದ ಮರಳಿದ ನಾಯಕ ಕಿಟಕಿ ಹತ್ತಿರ ಸಿಗರೇಟು ಹಚ್ಚಿ ನಾನು ಯಾರು ಅಂತ ಕೇಳಿಕೊಳ್ಳುತ್ತಾನೆ. ಕೇಳಿಕೊಳ್ಳಲಿ. ಅವನನ್ನು ಕೆಲ್ಸ ಆಯ್ತೇನ್ಲಾ ಅಂತ ಯಾರೂ ಕೇಳಲ್ಲ.

ಇನ್ನು ಚಿಲಿಯ ಉತ್ತರದ ಮರುಭೂಮಿ. ಚುಕಿಕಮಾಟಾದ ದೊಡ್ಡ ತಾಮ್ರದ ಗಣಿಗೆ ಹೋಗುವ ದಾರಿಯಲ್ಲಿ ಬಾಕೆದಾನೊ ಎಂಬಲ್ಲಿ ಗಂಡ ಹೆಂಡಿರಿಬ್ಬರು ಸಿಗುತ್ತಾರೆ. ಗಂಡ ಕಮ್ಯುನಿಸ್ಟ್. ಚಿಲಿಯಲ್ಲಿ 1948ರಿಂದ ಆ ಪಕ್ಷಕ್ಕೆ ನಿಷೇಧವಿತ್ತು. ಮೂರು ತಿಂಗಳು ಜೈಲಲ್ಲಿದ್ದು ಬಂದಿದ್ದಾನೆ, ಹೆಂಡತಿ ಹಸಿದುಕೊಂಡೇ ಅವನ ಹಿಂದೆ ಬಂದಿದ್ದಾಳೆ, ಮಕ್ಕಳನ್ನು ನೆರೆಮನೆಯವರ ಹತ್ತಿರ ಬಿಟ್ಟಿದ್ದಾರೆ. ಬೆಟ್ಟದ ಮೇಲಿನ ಗಂಧಕದ ಗಣಿಗೆ ಹೊರಟಿದ್ದಾರೆ, ಯಾಕೆಂದರೆ ಅಲ್ಲಿಯ ಬದುಕು ಎಷ್ಟು ಹೀನವೆಂದರೆ ಕೆಲಸಕ್ಕೆ ಬಂದವನ ಪಕ್ಷ ಯಾವುದೆಂದು ಯಾರೂ ಕೇಳುವುದಿಲ್ಲ. ಮರುಭೂಮಿಯ ರಾತ್ರಿಯ ಚಳಿಯಲ್ಲಿ ಆ ದಂಪತಿಗಳಿಗೆ ಹೊದೆಯಲು ಒಂದು ಚೂರು ಕಂಬಳಿ ಇಲ್ಲ. ಇವರು ತಮ್ಮದರಲ್ಲಿ ಒಂದು ಕೊಟ್ಟು, ಉಳಿದದ್ದರಲ್ಲಿ ಇಬ್ಬರೂ ಮುದುಡಿಕೊಳ್ಳುತ್ತಾರೆ. ಬದುಕಿನಲ್ಲಿ ಇಷ್ಟು ಚಳಿ ಕಂಡದ್ದು ಅಪರೂಪ, ಆದರೆ ಮನುಷ್ಯ ಜಾತಿಗೆ ಇಷ್ಟು ಹತ್ತಿರವಾದದ್ದೂ ಆ ರಾತ್ರಿಯೇ ಎಂಬ ಭಾವ ಗೆವಾರಾನದು.

ಅದು ಪ್ರಾಮಾಣಿಕವಾದ ಬರಹ, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಒಂದೇ ನಕ್ಷತ್ರದ ಕೆಳಗೆ ಮಲಗಿದ ನಾಲ್ವರಲ್ಲಿ ಇಬ್ಬರಿಗೆ ಅದು ಪ್ರಯಾಣ, ಇನ್ನಿಬ್ಬರಿಗೆ ಓಡಿಸಲ್ಪಟ್ಟದ್ದು. ಇಬ್ಬರಿಗೆ ಹಿಂದೆ ಮನೆ ಇದೆ, ಇನ್ನಿಬ್ಬರಿಗೆ ಹಿಂದೆ ಮಕ್ಕಳಿದ್ದಾರೆ. ಆ ಗಂಡ ಹೆಂಡಿರು ಮಕ್ಕಳನ್ನು ಮತ್ತೆ ನೋಡಿದರೋ ಇಲ್ಲವೋ ಪುಸ್ತಕ ಹೇಳುವುದಿಲ್ಲ, ಹೇಳುವ ಹಾಗೂ ಇಲ್ಲ. ಇವರು ಬೆಳಿಗ್ಗೆ ಎದ್ದು ಮುಂದೆ ಹೋದರು. ಪೆರು ದೇಶದಲ್ಲಿ ಅಮೆಜಾನ್ ದಂಡೆಯ ಸಾನ್ ಪಾಬ್ಲೊ ಕುಷ್ಠರೋಗಿಗಳ ವಸತಿಯಲ್ಲೂ ಹೀಗೇ. ಎರಡು ವಾರದ ಹತ್ತಿರ ಇದ್ದರು, ಕೈಗವಸು ಹಾಕದೆ ಕೈ ಕುಲುಕಿದರು, ಜೊತೆಗೆ ಫುಟ್‌ಬಾಲ್ ಆಡಿದರು. ಮುಟ್ಟುವುದರ ಬೆಲೆ ಏನು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಆದ್ದರಿಂದ ಆ ಪುಟಗಳನ್ನು ನಾನು ಹಗುರಾಗಿ ತೆಗೆದುಕೊಳ್ಳಲಾರೆ. ಆದರೂ ತೆಪ್ಪ ಹೊರಟಿತು. ದಂಡೆಯವರು ದಂಡೆಯಲ್ಲೇ ಉಳಿದರು.

ಹಾಗಾದರೆ ಅವನು ಮನೆಗೆ ಮರಳಿದ್ದು ಹೇಗೆ? ಪುಸ್ತಕ ಮುಚ್ಚಿಟ್ಟಿರುವ ಈ ಭಾಗ ಬೇರೆ ಕಡೆಯಿಂದ ತಿಳಿಯುತ್ತದೆ. ಗ್ರನಾಡೊ ವೆನೆಜುವೆಲಾದ ಕುಷ್ಠರೋಗಿಗಳ ಆಸ್ಪತ್ರೆಯಲ್ಲಿ ಕೆಲಸ ಹಿಡಿದು ಅಲ್ಲೇ ನಿಂತ. ಗೆವಾರಾ 1952ರ ಜುಲೈ ಕೊನೆಯಲ್ಲಿ ಓಟದ ಕುದುರೆಗಳನ್ನು ಸಾಗಿಸುವ ವಿಮಾನ ಹತ್ತಿದ. ನಡೆಯಲು ಚಪ್ಪಲಿಯಿಲ್ಲದ ಇಂಡಿಯನ್ನರ ಜೊತೆ ಲಾರಿಯಲ್ಲಿ ಬಂದವನು ಕುದುರೆಗಳ ಜೊತೆ ಹಾರಿದ. ಆ ವಿಮಾನ ಮಯಾಮಿಯಲ್ಲಿ ಕೆಟ್ಟು ನಿಂತಿತು. ಕೈಯಲ್ಲಿ ಕಾಸಿಲ್ಲದೆ ತಿಂಗಳ ಹತ್ತಿರ ಅಲ್ಲಿ ಕಾಲ ತಳ್ಳಿ, ಆಗಸ್ಟ್ 31ಕ್ಕೆ ಬ್ಯೂನಸ್ ಐರಿಸ್ ಸೇರಿದ. ಆಮೇಲೆ ಮಾಡಿದ್ದೇನು? ಉಳಿದ ಪರೀಕ್ಷೆಗಳಿಗೆ ಓದಿದ್ದು. ಅಲರ್ಜಿ ತಜ್ಞನ ಪ್ರಯೋಗಾಲಯದಲ್ಲಿ ಕೆಲಸ ಮಾಡಿದ್ದು. ಮೇಜಿನ ಮುಂದೆ ಕೂತು ದಾರಿಯ ಟಿಪ್ಪಣಿಗಳನ್ನು ತಿದ್ದಿ ಬರೆದದ್ದು. 1953ರಲ್ಲಿ ಡಾಕ್ಟರಾದ. ಸತ್ತವನ ಹೆಸರಿನಲ್ಲೇ ಡಿಗ್ರಿ ಬಂತು ಅಂತ ನಾನು ಕುಹಕ ಮಾಡುತ್ತಿಲ್ಲ. ಹಣ ಕರಗಿದರೂ ಹೆಸರು ಕರಗದ ಮನೆತನ ಅವನದು. ಸತ್ತೆ ಅಂತ ಹೇಳಿಕೊಳ್ಳೋಕೂ ಒಂದು ಮೇಜು, ಒಂದು ಕೋಣೆ, ಊಟಕ್ಕೆ ಕರೆಯುವ ತಾಯಿ ಬೇಕಾಗುತ್ತೆ ಅಂತ ಹೇಳುತ್ತಿದ್ದೇನೆ.

ದೂರ ಸವಾರಿ ಮಾಡಿ ಬಂದ ಬೇರೆಯವರಿಗೂ ಈ ಮೇಜು ಇತ್ತು. ಇಂಗ್ಲೆಂಡಿನ ಎಲ್ಸ್‌ಪೆತ್ ಬಿಯರ್ಡ್ 1982ರಿಂದ 1984ರವರೆಗೆ ಬಿಎಂಡಬ್ಲ್ಯೂ ಗಾಡಿಯಲ್ಲಿ ಒಬ್ಬಳೇ ಜಗತ್ತು ಸುತ್ತಿ ಲಂಡನ್ನಿಗೆ ಬಂದರೆ ಕೇಳುವವರೇ ಇಲ್ಲ. ವಾಸ್ತುಶಿಲ್ಪದ ಓದು ಮುಗಿಸಿ ಬದುಕು ಕಟ್ಟಿಕೊಂಡಳು, ಅವಳ ಪುಸ್ತಕ ಬಂದದ್ದು 2017ರಲ್ಲಿ. ಟೆಡ್ ಸೈಮನ್ 1973ರಿಂದ 1977ರವರೆಗೆ ಟ್ರಯಂಫ್ ಮೇಲೆ ಸುತ್ತಿ ಬಂದವನು, ಎಪ್ಪತ್ತರ ಹತ್ತಿರ ಮತ್ತೆ ಅದೇ ದಾರಿ ಹಿಡಿದ. ಇಬ್ಬರ ಒಳಗಿನ ತಳಮಳ ಸುಳ್ಳಲ್ಲ. ಆದರೆ ಅದು ಮನೆಯಿದ್ದವರು ಮನೆಯಲ್ಲಿ ಕೂರಲಾರದ ತಳಮಳ.

ಗೆವಾರಾನ ಸಾವಿನ ಮಾತಿಗೆ ನನ್ನ ದೊಡ್ಡ ತಕರಾರು ಇರುವುದು ಕಾರಕಾಸ್‌ನ ಪುಟಗಳಲ್ಲಿ. ಅಲ್ಲಿ ಕರಿಯರ ಬಗ್ಗೆ ಅವನು ಬರೆದಿರುವುದನ್ನು ಅವನನ್ನು ಹೊಗಳುವವರು ಹಾರಿಸಿ ಓದುತ್ತಾರೆ. ಕರಿಯ ಸೋಮಾರಿ, ದುಡಿದದ್ದನ್ನು ಕುಡಿತಕ್ಕೆ ಕಳೆಯುವವನು, ಯುರೋಪಿನವನು ದುಡಿದು ಕೂಡಿಡುವ ಪರಂಪರೆಯವನು ಎಂಬ ಧಾಟಿ ಅದು. ಈ ಮಾತನ್ನು ನಾವು ಎಲ್ಲೋ ಕೇಳಿದ್ದೀವಲ್ಲ? ಜಗಲಿ ಮೇಲೆ ಕೂತವರು ನಮ್ಮಪ್ಪಂದಿರ ಬಗ್ಗೆ ಆಡುತ್ತಿದ್ದ ಮಾತೇ ಇದು, ಪದ ಮಾತ್ರ ಬೇರೆ. ದಾರಿಯಲ್ಲಿ ಬರೆದದ್ದಿರಬಹುದು, ಹುಡುಗುಬುದ್ಧಿಯ ಮಾತಿರಬಹುದು. ಒಪ್ಪೋಣ. ಆದರೆ ದಾರಿಯ ಹುಡುಗ ಸತ್ತು, ಹೊಸ ಮನುಷ್ಯ ಮನೆಯಲ್ಲಿ ಕೂತು ಇದನ್ನೆಲ್ಲ ತಿದ್ದಿದ ಅಂತ ಮೊದಲ ಪುಟದಲ್ಲಿ ಹೇಳಿದವನೂ ಅವನೇ. ತಿದ್ದಿದ ಕೈ ಈ ಸಾಲುಗಳನ್ನು ಯಾಕೆ ಉಳಿಸಿತು? ಗಣಿಯ ಕಮ್ಯುನಿಸ್ಟನಲ್ಲಿ ಮನುಷ್ಯನನ್ನು ಕಂಡ ಕಣ್ಣು ಕಾರಕಾಸ್‌ನ ಗುಡಿಸಲುಗಳಲ್ಲಿ ಕಾಣಲಿಲ್ಲ. ಮನೆಗೆ ಬಂದ ಮೇಲೂ ಕಾಣಲಿಲ್ಲ. ವರ್ಗದ ಕಣ್ಣು ತೆರೆದವನಿಗೆ ಬಣ್ಣದ ಕಣ್ಣು ತಾನಾಗಿ ತೆರೆಯುವುದಿಲ್ಲ ಅನ್ನೋದಕ್ಕೆ ನಮ್ಮ ಕಾಮ್ರೇಡುಗಳು ಬೇರೆ ಪುರಾವೆ ಹುಡುಕಬೇಕಾಗಿಲ್ಲ.

ಇಷ್ಟಕ್ಕೇ ಬಿಟ್ಟರೆ ಅನ್ಯಾಯವಾಗುತ್ತದೆ. 1953ರ ಜುಲೈನಲ್ಲಿ ಅವನು ರೈಲು ಹತ್ತಿ ಬೊಲಿವಿಯಾ ಕಡೆಗೆ ಮತ್ತೆ ಹೊರಟ. ಗ್ವಾಟೆಮಾಲಾ, ಮೆಕ್ಸಿಕೊ, ಕ್ಯೂಬಾ. 1959ರ ಡಿಸೆಂಬರ್‌ನಲ್ಲಿ ಕ್ಯೂಬಾದ ಲಾಸ್ ವಿಯಾಸ್ ವಿಶ್ವವಿದ್ಯಾಲಯ ಅವನಿಗೆ ಗೌರವ ಪದವಿ ಕೊಟ್ಟಾಗ, ವಿಶ್ವವಿದ್ಯಾಲಯ ಕರಿಯರ ಬಣ್ಣ ಬಳಿದುಕೊಳ್ಳಬೇಕು, ಮುಲಾಟೊ ಬಣ್ಣ, ಕೂಲಿಯವನ ಬಣ್ಣ, ರೈತನ ಬಣ್ಣ ಬಳಿದುಕೊಳ್ಳಬೇಕು ಎಂದು ಅಧ್ಯಾಪಕರ ಮುಖಕ್ಕೇ ಹೇಳಿದ. ಕಾರಕಾಸ್‌ನ ಪುಟಗಳನ್ನು ಬರೆದವನು ಸತ್ತದ್ದಾದರೆ ಅಲ್ಲೆಲ್ಲೋ ಸತ್ತಿರಬೇಕು, ಬ್ಯೂನಸ್ ಐರಿಸ್‌ನ ವಿಮಾನ ನಿಲ್ದಾಣದಲ್ಲಲ್ಲ. ಅದಕ್ಕೆ ಏಳು ವರ್ಷ ಹಿಡಿಯಿತು, ಬೇರೆಯವರ ಜೊತೆ ಬಂದೂಕು ಹೊತ್ತು ಬೆಟ್ಟದಲ್ಲಿ ಮಲಗಬೇಕಾಯಿತು. ಸ್ವಂತ ದೇಶಕ್ಕೆ ಅವನು ಮತ್ತೆ ಕಾಲಿಟ್ಟದ್ದು 1961ರ ಆಗಸ್ಟ್‌ನಲ್ಲಿ, ಅಧ್ಯಕ್ಷ ಫ್ರೊಂಡಿಸಿಯನ್ನು ನೋಡಲು, ಗುಟ್ಟಾಗಿ, ಕೆಲವೇ ಗಂಟೆಗಳ ಕಾಲ.

2004ರಲ್ಲಿ ವಾಲ್ಟರ್ ಸಾಲೆಸ್ ತೆಗೆದ ಸಿನಿಮಾ ಈ ಕೃತಿಯನ್ನು ಇನ್ನಷ್ಟು ಜನಕ್ಕೆ ಮುಟ್ಟಿಸಿತು. ಅದರಲ್ಲಿ ಗೆವಾರಾ ಗೆಳತಿ ಕೊಟ್ಟ ಹದಿನೈದು ಡಾಲರನ್ನು ಗಣಿಯ ದಂಪತಿಗಳಿಗೆ ಕೊಟ್ಟುಬಿಡುತ್ತಾನೆ. ಡೈರಿಯಲ್ಲಿ ಇರುವುದು ಒಂದು ಕಂಬಳಿ. ನನಗೆ ಕಂಬಳಿಯೇ ಹೆಚ್ಚು. ಹಣ ಕೊಟ್ಟವನು ದೊಡ್ಡವನಾಗುತ್ತಾನೆ, ಕಂಬಳಿ ಕೊಟ್ಟವನು ಆ ರಾತ್ರಿ ತಾನೂ ನಡುಗಬೇಕು. ಸಿನಿಮಾ ಕೂಡ ವಾಪಸ್ಸು ಬಂದದ್ದನ್ನು ತೋರಿಸುವುದಿಲ್ಲ, ಕಾರಕಾಸ್‌ನಿಂದ ವಿಮಾನ ಏರುವಲ್ಲಿಗೆ ನಿಲ್ಲುತ್ತದೆ. ಕೊನೆಗೆ ನಿಜವಾದ ಗ್ರನಾಡೊನ ಮುದಿ ಮುಖ ಆಕಾಶ ನೋಡುತ್ತ ನಿಂತಿರುತ್ತದೆ. ಗೆಳೆಯ ಹೋದ ಮೇಲೂ ರೋಗಿಗಳ ಜೊತೆ ಉಳಿದವನು ಅವನು. 1961ರಲ್ಲಿ ಸಂಸಾರ ಸಮೇತ ಕ್ಯೂಬಾಗೆ ಹೋಗಿ, ಸಾಂಟಿಯಾಗೊ ದೆ ಕ್ಯೂಬಾದಲ್ಲಿ ವೈದ್ಯಕೀಯ ಕಾಲೇಜು ಕಟ್ಟಲು ದುಡಿದ. 2011ರ ಮಾರ್ಚ್‌ನಲ್ಲಿ ಹವಾನಾದಲ್ಲಿ ತೀರಿಕೊಂಡಾಗ ಅವನಿಗೆ 88 ವರ್ಷ. ತನ್ನ ಬೂದಿಯನ್ನು ಅರ್ಜೆಂಟೀನಾ, ವೆನೆಜುವೆಲಾ, ಕ್ಯೂಬಾ ಮೂರು ಕಡೆಯೂ ಚೆಲ್ಲಿ ಅಂತ ಹೇಳಿ ಹೋಗಿದ್ದ.