ಮೂಲೆಯ ಗುಡಿ, ನಡುವಿನ ಊರು

ಹೊಯ್ಸಳ ಶಿಲ್ಪವನ್ನು ಕುರಿತು ಬರೆಯುವ ನಮ್ಮವರಲ್ಲಿ ಒಂದು ರೂಢಿ ಬಲವಾಗಿ ಬೇರೂರಿದೆ. ಗುಡಿಯ ಮುಂದೆ ನಿಂತೊಡನೆ ಅವರ ಕಣ್ಣು ಹೊರಭಿತ್ತಿಗೆ ಹೋಗುತ್ತದೆ. ಆನೆಯ ಸಾಲು ಇದೆಯೆ, ಕುದುರೆಯ ಸಾಲು ಇದೆಯೆ, ದೇವತಾಮೂರ್ತಿಗಳೆಷ್ಟು ಎಂದು ಎಣಿಸುತ್ತಾರೆ. ಎಣಿಕೆ ತುಂಬಿದರೆ ಪುಟಗಟ್ಟಲೆ ಹೊಗಳಿಕೆ. ತುಂಬದಿದ್ದರೆ ‘ಸಾಧಾರಣ ಕಟ್ಟಡ’ ಎಂಬ ಎರಡೇ ಮಾತು. ಈ ಅಳತೆಗೋಲಿನಿಂದ ಅನ್ಯಾಯಕ್ಕೊಳಗಾದ ಊರುಗಳಲ್ಲಿ ತುರುವೇಕೆರೆಯೂ ಒಂದೆಂದು, ಅಲ್ಲಿ ಸುತ್ತಾಡಿ ಬಂದ ಮೇಲೆ, ನನಗೆ ತೋರುತ್ತದೆ.

ತುರುಗಳ ಕೆರೆಯನ್ನು ನೆನಪಿಸುವ ಹೆಸರಿನ ಈ ಊರು ಇಂದು ತೆಂಗು ಕೊಬ್ಬರಿಗಳ ಸೀಮೆ. 13ನೆಯ ಶತಮಾನದಲ್ಲಿ ಮೂರನೆಯ ನರಸಿಂಹನ ದಂಡನಾಯಕ ಸೋಮಣ್ಣ ಇದನ್ನು ಅಗ್ರಹಾರವಾಗಿ ಕಟ್ಟಿದನು. ಚೆನ್ನಕೇಶವನ ಗುಡಿ 1263ರದು. ಮೂಲೆ ಶಂಕರೇಶ್ವರನ ಗುಡಿಯೂ ಅದೇ ಕಾಲಮಾನದ್ದು. ಗಂಗಾಧರೇಶ್ವರನ ಮುಂದಿನ ದೊಡ್ಡ ಬಸವನನ್ನು ನೋಡದೆ ಹಿಂದಿರುಗುವವರಿಲ್ಲ. ಆ ಕರಿಯ ಕಲ್ಲಿನ ನುಣುಪು ಇಂದಿಗೂ ಮಾಸಿಲ್ಲ.

ಬಸವನಿಗೆ ಸಿಕ್ಕ ಕೀರ್ತಿ ಚೆನ್ನಕೇಶವನ ಗೋಡೆಗೆ ಸಿಕ್ಕಿಲ್ಲ. ಅಲ್ಲಿ ಮೂರ್ತಿಗಳ ಜಾತ್ರೆಯಿಲ್ಲ. ಅರೆಗಂಬಗಳು, ಅವುಗಳ ನಡುವೆ ಬರಿಯ ಕಲ್ಲು. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಕೇಶವಾಲಯವನ್ನು ನೋಡಿ ಇಲ್ಲಿಗೆ ಬಂದವನಿಗೆ ಏನೋ ಕಳೆದುಕೊಂಡಂತೆ ಆಗುವುದು ಸಹಜ. ಆದರೆ ಅಲಂಕಾರವಿಲ್ಲದ್ದೆಲ್ಲ ಬಡತನವೆ? ಸಾಹಿತ್ಯದಲ್ಲಿ ಈ ಪ್ರಶ್ನೆಯನ್ನು ನಾವು ಎಂದೋ ಇತ್ಯರ್ಥಮಾಡಿಕೊಂಡಿದ್ದೇವೆ. ಪಕ್ಕದ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ 1906ರಲ್ಲಿ ಹುಟ್ಟಿದ ತೀ.ನಂ.ಶ್ರೀ. ಅವರು ‘ಭಾರತೀಯ ಕಾವ್ಯಮೀಮಾಂಸೆ’ಯಲ್ಲಿ ಅಲಂಕಾರದಿಂದ ಧ್ವನಿಗೆ, ರಸಕ್ಕೆ, ಔಚಿತ್ಯಕ್ಕೆ ನಮ್ಮನ್ನು ಕೈಹಿಡಿದು ನಡೆಸಿದರು. ಕಾವ್ಯ ಓದುವಾಗ ಉಪಮೆಗಳನ್ನು ಎಣಿಸುವವನನ್ನು ಕಂಡು ನಗುವ ನಾವು, ಗುಡಿಯ ಮುಂದೆ ನಿಂತು ಅದೇ ಕೆಲಸ ಮಾಡುತ್ತೇವೆ! ಚೆನ್ನಕೇಶವನ ಗೋಡೆಯಲ್ಲಿರುವುದು ಸ್ವಭಾವೋಕ್ತಿ. ಬಿಸಿಲು ಹೊರಳಿದಂತೆ ಅರೆಗಂಬದ ನೆರಳೇ ಅಲ್ಲಿ ಗೆರೆ ಎಳೆಯುತ್ತದೆ.

ಇನ್ನು ‘ಮೂಲೆ ಶಂಕರ’ ಎಂಬ ಹೆಸರನ್ನು ನೋಡಿ. ಮೂಲೆ ಎಂದರೆ ಯಾವುದರ ಮೂಲೆ? ಒಂಟಿ ಗುಡಿಗೆ ಮೂಲೆಯಿಲ್ಲ. ನಡು ಎಂಬುದೊಂದು ಇದ್ದಾಗ ಮಾತ್ರ ಮೂಲೆ ಎಂಬ ಮಾತಿಗೆ ಅರ್ಥ. ಶಿವಾಲಯಕ್ಕೆ ಈಶಾನ್ಯ ಎಂಬುದು ನಮ್ಮ ವಾಸ್ತುಶಾಸ್ತ್ರದ ಹಳೆಯ ಮಾತು. ಊರಿನ ಒಟ್ಟು ವಿನ್ಯಾಸವನ್ನು ಜನರ ನಾಲಗೆ ಈ ಒಂದು ಹೆಸರಿನಲ್ಲಿ ಕಾಪಾಡಿಕೊಂಡು ಬಂದಿದೆ ಎಂದು ನನ್ನ ಊಹೆ. ಇಲ್ಲಿನ ಕೃತಿ ಯಾವುದೆಂದು ಕೇಳಿದರೆ, ಒಂದೊಂದು ಗುಡಿಯೂ ಒಂದೊಂದು ಪದ್ಯವಷ್ಟೆ. ಊರೇ ಕಾವ್ಯ ಎನ್ನುತ್ತೇನೆ. ಗುಡಿಯಿಂದ ಗುಡಿಗೆ ನಡೆಯುವ ಬೀದಿ, ಮುಂದಿನ ಬಯಲು, ಎಲ್ಲವೂ ಅದರ ಅಂಗಗಳು.

ದೂರದ ಒಂದು ನಿದರ್ಶನ ಕೊಟ್ಟರೆ ಮಾತು ಸ್ಪಷ್ಟವಾದೀತು. ಆರ್ಮೇನಿಯದ ರಾಜಧಾನಿ ಯೆರೆವಾನಿನ ನಡುವೆ ಹೆಸರಾಂತ ಗಣರಾಜ್ಯ ಚೌಕವಿದೆ. ವಾಸ್ತುಶಿಲ್ಪಿ ತಮಾನ್ಯಾನ್ 1924ರಲ್ಲಿ ಸಿದ್ಧಪಡಿಸಿದ ನಗರಯೋಜನೆಯ ಹೃದಯ ಅದು. ಸುತ್ತಲೂ ನಸುಗೆಂಪು ಕಲ್ಲಿನ ಕಟ್ಟಡಗಳು. ಅದನ್ನು ನೋಡಹೋದವರು ನಡುವಿನ ಬಯಲಲ್ಲಿ ನಿಂತು ಸುತ್ತ ನೋಡುತ್ತಾರೆ. ಎಲ್ಲ ಕಟ್ಟಡಗಳೂ ಸೇರಿ ಮಾಡಿದ ಆವರಣವನ್ನು ಅನುಭವಿಸುತ್ತಾರೆ. 1940ರಲ್ಲಿ ಅಲ್ಲಿ ನಿಲ್ಲಿಸಿದ ಲೆನಿನ್ ಪ್ರತಿಮೆಯನ್ನು 1991ರಲ್ಲಿ ಇಳಿಸಿದರು. ಚೌಕಕ್ಕಿದ್ದ ಲೆನಿನ್ನನ ಹೆಸರೂ ಹೋಯಿತು. ಚೌಕ ಮಾತ್ರ ಉಳಿಯಿತು. ನಮ್ಮಲ್ಲಿ ಇದಕ್ಕೆ ವಿಪರೀತ: ಮೂರ್ತಿ ಉಳಿದಿದೆ, ಬಯಲಿನ ಅರಿವು ಹೋಗಿದೆ.

ಹೋಲಿಕೆಯನ್ನು ಅತಿಯಾಗಿ ಎಳೆಯಬಾರದು. ಅಗ್ರಹಾರ ಎಲ್ಲರ ಚೌಕವಾಗಿರಲಿಲ್ಲ. ಅದು ಓದುಬಲ್ಲ ಬ್ರಾಹ್ಮಣರಿಗೆ ದತ್ತಿಯಾಗಿ ಬಂದ ನೆಲ. ಕಲ್ಲು ಹೊತ್ತವರಿಗೂ ಹೊಲ ಉತ್ತವರಿಗೂ ಅಲ್ಲಿ ಎಷ್ಟು ಜಾಗವಿತ್ತೆಂಬುದನ್ನು ವಿಮರ್ಶಕ ಮರೆಯಕೂಡದು. ಆದರೆ ಅಂದು ಕೆಲವರದಾಗಿದ್ದ ಬಯಲನ್ನು ಇಂದು ಎಲ್ಲರದಾಗಿ ಉಳಿಸಿಕೊಳ್ಳಬಹುದಲ್ಲವೆ?

ಉಳಿಸುವುದು ಹೇಗೆ ಎಂಬಲ್ಲಿ ತೊಡಕಿದೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಸಂತೋಷ. ಆದರೆ ಅಲಂಕಾರದ ಕೀರ್ತಿಗೆ ಇನ್ನೊಂದು ಮುದ್ರೆ ಬಿದ್ದಾಗ, ಮೌನವಾದ ಗೋಡೆಗಳು ಇನ್ನಷ್ಟು ಹಿಂದೆ ಸರಿಯುತ್ತವೆ. ಇತ್ತ, ಕೇಂದ್ರದ 2010ರ ತಿದ್ದುಪಡಿ ಕಾನೂನು ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರು ಹೊಸ ಕಟ್ಟಡ ಕೂಡದು, ಅದರಾಚೆ 200 ಮೀಟರು ಅನುಮತಿ ಬೇಕು ಎನ್ನುತ್ತದೆ. ಇದು ಒಂದೊಂದು ಸ್ಮಾರಕಕ್ಕೂ ಬೇಲಿ ಹಾಕಿಕೊಂಡು ಯೋಚಿಸುವ ಕ್ರಮ. ಬೇಲಿಯೊಳಗಿನ ಮನೆಯವನಿಗೆ ಗೋಡೆ ಎತ್ತರಿಸಿಕೊಳ್ಳಲೂ ತೊಂದರೆ. ಗುಡಿಗೂ ಗುಡಿಗೂ ಇರುವ ಸಂಬಂಧಕ್ಕೋ ರಕ್ಷಣೆಯಿಲ್ಲ.

ಕಾನೂನನ್ನು ತಿದ್ದುವುದು ವಿಮರ್ಶಕನ ಕೆಲಸವಲ್ಲ. ನೋಟವನ್ನು ತಿದ್ದುವುದು ಅವನ ಕೆಲಸ. ತುರುವೇಕೆರೆಯ ಗುಡಿಗಳನ್ನು ಕುರಿತು ಮುಂದೆ ಬರೆಯುವವರು ಮೊದಲು ಊರಿನ ನಕ್ಷೆಯೊಂದನ್ನು ಬರೆಯಲಿ. ಯಾವ ಬೀದಿ ಎಲ್ಲಿಗೆ ತೆರೆಯುತ್ತದೆ, ಎಲ್ಲಿ ನಿಂತರೆ ಏನು ಕಾಣುತ್ತದೆ, ಯಾವುದು ಈಗಾಗಲೇ ಮರೆಯಾಗಿದೆ ಎಂಬುದನ್ನು ಗುರುತಿಸಲಿ. ಮೂರ್ತಿಗಳನ್ನು ಆಮೇಲೆ ಎಣಿಸಿದರಾಯಿತು. ಅವು ಎಲ್ಲಿಗೂ ಹೋಗುವುದಿಲ್ಲ. ಬಯಲಿನ ವಿಷಯದಲ್ಲಿ ಅಂಥ ಭರವಸೆಯಿಲ್ಲ.